ಏಳನೇ ನಂಬರಿನ ದೂರು

ಅತ್ತಿಗೆ ಎಂದು ಅವರನ್ನು ಕರೆಯುವವರು ಹದಿನಾಲ್ಕು ಮಂದಿ. ಅವರಲ್ಲಿ ನಿಜವಾದ ಮೈದುನ ಒಬ್ಬನೇ. ಮಿಕ್ಕ ಹದಿಮೂರು ಜನ ಅವನ ಬಾಯಲ್ಲಿ ಕೇಳಿ ಕಲಿತವರು. ಅತ್ತಿಗೆಗಿಂತ ಹನ್ನೆರಡು ವರ್ಷ ದೊಡ್ಡವರಾದ, ಬ್ಯಾಂಕಿನ ಕಂಪ್ಯೂಟರ್ ವಿಭಾಗದಿಂದ ನಿವೃತ್ತರಾದ ಬ್ಯಾಂಕ್ ಮಾಮ ಕೂಡ ಆ ಪೈಕಿ. "ನಿಮ್ಮ ವಯಸ್ಸಿಗೆ ನಾನು ಅತ್ತಿಗೆ ಹೇಗೆ ಆಗ್ತೀನಿ?" ಎಂದು ಒಮ್ಮೆ ಕೇಳಿದ್ದಕ್ಕೆ ಅವರು, "ಒಂದು ಕಡೆ ಹೆಸರು ಬದಲಾಯಿಸಿದ್ರೆ ಎಲ್ಲಾ ಕಡೆ ಬದಲಾಯಿಸ್ಬೇಕಾಗುತ್ತೆ. ನಡೀತಾ ಇದೆಯಲ್ಲ, ಬಿಡಿ" ಎಂದುಬಿಟ್ಟರು. ಪ್ರೋಗ್ರಾಮ್ ಬರೆಯುವವರ ಬುದ್ಧಿಯೇ ಅಷ್ಟು. ನಡೆಯುತ್ತಿರುವುದನ್ನು ಮುಟ್ಟುವುದಿಲ್ಲ.

ಈ ಹದಿನೈದು ಜನರೂ ಪ್ರೋಗ್ರಾಮ್ ಬರೆಯುವವರೇ. ಒಬ್ಬರು ಆಸ್ಪತ್ರೆಯ ಚೀಟಿಗೆ, ಒಬ್ಬರು ಬಸ್ಸಿನ ಟಿಕೇಟಿಗೆ, ಒಬ್ಬರು ಶಾಲೆಯ ಹಾಜರಿಗೆ. ಪ್ರತಿ ತಿಂಗಳು ಎರಡನೇ ಶನಿವಾರ ಸಂಜೆ ನಾಲ್ಕಕ್ಕೆ ಡ್ರೈವಿಂಗ್ ಸ್ಕೂಲಿನ ಮೇಲಿನ ಕೋಣೆಯಲ್ಲಿ ಸೇರುತ್ತಾರೆ. ಗೋಡೆಯ ತುಂಬ ರಸ್ತೆ ಚಿಹ್ನೆಗಳ ಪಟ, ಮೂಲೆಯಲ್ಲಿ ಹೊಟ್ಟೆ ಸೀಳಿಸಿಕೊಂಡು ನಿಂತ ಎಂಜಿನ್ನು, ಕಿಟಕಿಯ ಪಕ್ಕದಲ್ಲಿ ಎಲ್ಲಿಗೂ ಹೋಗದ ಒಂದು ಸ್ಟೇರಿಂಗು. ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿರುವುದರಿಂದ ಡ್ರೈವಿಂಗ್ ಮೇಷ್ಟ್ರು ಅದರ ಮೇಲೆ ಕೆಂಪು ಬಣ್ಣದಲ್ಲಿ 'ಜೋರಾಗಿ ತಳ್ಳಿ' ಎಂದು ಬರೆಸಿದ್ದಾರೆ. ಈ ಕೂಟಕ್ಕೆ ಹೆಸರಿಲ್ಲ. ಮೇಷ್ಟ್ರು ಇವರನ್ನು 'ಎರಡನೇ ಶನಿವಾರದವರು' ಎನ್ನುತ್ತಾರೆ. ಒಬ್ಬರ ಪ್ರೋಗ್ರಾಮ್ ಕೆಟ್ಟು ಕೂತಿದ್ದರೆ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ಹಾಕಿ, ಹದಿನೈದೂ ಜನ ಮುಗಿಬಿದ್ದು ತಪ್ಪು ಹುಡುಕುವುದು, ಚಹಾ ಕುಡಿಯುವುದು, ಜಗಳವಾಡಿ ಮನೆಗೆ ಹೋಗುವುದು. ಇಷ್ಟೇ ಕಾರ್ಯಕ್ರಮ.

ಅತ್ತಿಗೆ ಕೆಲಸ ಮಾಡುವುದು ನೆಲದ ಟೈಲ್ಸಿನ ಗೋದಾಮಿನಲ್ಲಿ. ಇಪ್ಪತ್ತಾರು ವರ್ಷದ ಹಿಂದೆ ಚೀಟಿ ಬರೆಯಲು ಸೇರಿಕೊಂಡವರು. ಆಗ ತಾನೇ ಗೋದಾಮಿಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೆ ಪ್ರೋಗ್ರಾಮ್ ಬರೆಯಬೇಕಾಗಿದ್ದ ಮಹಾಶಯ ಅರ್ಧ ಬರೆದು, ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕಿತೆಂದು ಕಾಲ್ತೆಗೆದ. ಮಾಲೀಕರು ತಲೆ ಮೇಲೆ ಕೈಹೊತ್ತು ಕೂತಾಗ ಅತ್ತಿಗೆ, "ಇವನೇನು ಆಕಾಶದಿಂದ ಇಳಿದು ಬಂದವನಾ? ಪುಸ್ತಕ ಎಲ್ಲಿದೆ ಕೊಡಿ" ಎಂದು, ಎರಡು ಕೈಗೂ ಭಾರವಾಗುವ ಆ ಕೈಪಿಡಿಯನ್ನು ಮನೆಗೆ ಹೊತ್ತುಕೊಂಡು ಹೋದರು. ನಾಲ್ಕು ತಿಂಗಳಿಗೆ ಮಿಕ್ಕ ಅರ್ಧ ತಯಾರಾಯಿತು. ಆರು ತಿಂಗಳಿಗೆ ಆ ಮಹಾಶಯ ಬರೆದಿದ್ದ ಮೊದಲರ್ಧವನ್ನೂ ಕಿತ್ತುಹಾಕಿ ಹೊಸದಾಗಿ ಬರೆದರು. ಅದು ಇವತ್ತಿಗೂ ಓಡುತ್ತಿದೆ. ಯಾವ ಬಣ್ಣದ, ಯಾವ ಗೂಡಿನಲ್ಲಿ ಎಷ್ಟನೇ ಸುತ್ತಿಗೆ ಸುಟ್ಟ ಟೈಲು ಎಷ್ಟು ಪೆಟ್ಟಿಗೆ ಇದೆ ಎಂದು ಕೇಳಿದರೆ ಚಿಟಿಕೆ ಹೊಡೆಯುವಷ್ಟರಲ್ಲಿ ಹೇಳುತ್ತದೆ.

ಕೂಟಕ್ಕೆ ಅಂತರ್ಜಾಲದಲ್ಲಿ ಒಂದು ಪುಟವಿದೆ. ಹದಿನಾಲ್ಕು ವರ್ಷದ ಹಿಂದೆ ಅತ್ತಿಗೆಯೇ ಒಂದು ಮಧ್ಯಾಹ್ನ ಕೂತು ಬರೆದದ್ದು. ಬೂದು ಬಣ್ಣದ ಹಿನ್ನೆಲೆ, ಮೇಲೆ ಮುಂದಿನ ಸಭೆಯ ದಿನಾಂಕ, ಕೆಳಗೆ ವಿಳಾಸ. ಅದರ ಕೆಳಗೆ ಶುರುವಾಗುತ್ತದೆ ನೋಡಿ ಅಸಲು ವಿಷಯ: 'ಹೋದ ಸಲ ಏನಾಯಿತು'. ಪ್ರತಿ ಸಭೆ ಮುಗಿದ ಮರುದಿನ ಅತ್ತಿಗೆ ಒಂದು ವರದಿ ಬರೆದು ಅಲ್ಲಿ ಹಾಕುತ್ತಾರೆ. ವರದಿ ಎನ್ನುವುದು ಮರ್ಯಾದೆಗೆ ಕೊಟ್ಟ ಹೆಸರು. 'ಪಂಡಿತರು ಹೊಸ ಭಾಷೆಯೊಂದರ ಬಗ್ಗೆ ಒಂದೂವರೆ ಗಂಟೆ ಮಾತಾಡಿದರು. ಮೊದಲ ಇಪ್ಪತ್ತು ನಿಮಿಷ ನಾವೆಲ್ಲ ಎಚ್ಚರವಾಗಿದ್ದೆವು.' 'ಬಸ್ಸಿನ ಟಿಕೇಟಿನವರ ಪ್ರೋಗ್ರಾಮಿನಲ್ಲಿ ತಪ್ಪೇ ಇರಲಿಲ್ಲ. ಅದನ್ನು ಅವರು ಓಡಿಸಿಯೇ ಇರಲಿಲ್ಲ.' 'ಮೈದುನನು ಎಲ್ಲ ಸರಿಮಾಡಿದ್ದೇನೆಂದು ಹೇಳಿ ಕುಳಿತನು. ಆಮೇಲೆ ಕರೆಂಟು ಹೋಯಿತು. ಎರಡಕ್ಕೂ ಸಂಬಂಧವಿಲ್ಲವೆಂದು ಅವನ ವಾದ.' ಹೀಗೆ ನೂರ ಅರವತ್ತೊಂದು ವರದಿ. ಯಾರನ್ನೂ ಬಿಟ್ಟಿಲ್ಲ.

ಬರೆಯುವುದೆಂದರೆ ಅತ್ತಿಗೆಗೆ ಪ್ರಾಣ. ಭಾನುವಾರ ಬೆಳಿಗ್ಗೆ ಎದ್ದು, ಮನೆಯವರು ಇನ್ನೂ ಪೇಪರು ಬಿಡಿಸುವ ಮೊದಲೇ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಒಬ್ಬರೇ ಕಿಸಿಕಿಸಿ ನಗುತ್ತ ಬರೆಯುತ್ತಾರೆ. ಆದರೆ ಇಷ್ಟವೆಂದು ಬಾಯಿಬಿಟ್ಟು ಹೇಳುವುದು ಅವರ ಜಾಯಮಾನವೇ ಅಲ್ಲ. "ಹಾಳಾದ್ದು, ನಾಳೆ ಮತ್ತೆ ಕೂತು ಬರೀಬೇಕಲ್ಲಪ್ಪಾ" ಎಂದು ಗೊಣಗಿಕೊಂಡೇ ಮೆಟ್ಟಿಲಿಳಿಯುತ್ತಾರೆ. "ನನ್ನ ಭಾನುವಾರ ಎಲ್ಲಾ ನಿಮ್ಮಿಂದ ಮಣ್ಣುಪಾಲು" ಎಂದು ಮೈದುನನನ್ನು ಜಾಡಿಸುತ್ತಾರೆ. ಅವರ ಯಜಮಾನರಿಗೆ ಮಾತ್ರ ಇದೆಲ್ಲ ಗೊತ್ತು. ಅವರು ಕನ್ನಡಕದ ಅಂಗಡಿಯವರು, ಎದುರಿಗಿದ್ದವರ ಕಣ್ಣು ನೋಡಿಯೇ ಲೆಕ್ಕ ಹಾಕುವವರು, ಆದರೆ ಮಾತು ಕಮ್ಮಿ.

ಹೀಗಿರುವಾಗ ಕೂಟಕ್ಕೆ ಒಬ್ಬ ಹುಡುಗಿ ಬಂದಳು. ಸೋಪಿನ ಕಾರ್ಖಾನೆಯಲ್ಲಿ ಡಬ್ಬಗಳ ಮೇಲಿನ ಚಿತ್ರ, ಅಕ್ಷರ, ಬಣ್ಣ ನೋಡಿಕೊಳ್ಳುವ ಕೆಲಸ. ಜೊತೆಗೆ ಪ್ರೋಗ್ರಾಮಿಂಗೂ ಕಲಿತವಳು. ಅತ್ತಿಗೆ ಮೊದಲ ದಿನವೇ ಅವಳಿಗೆ 'ಡಬ್ಬದ ಹುಡುಗಿ' ಎಂದು ಹೆಸರಿಟ್ಟರು. ಅವಳು ಬೇಜಾರು ಮಾಡಿಕೊಳ್ಳದೆ ಹಲ್ಲು ಕಿರಿದಳು. ಅವಳಿಗೂ ಮೈದುನನಿಗೂ ಚೆನ್ನಾಗಿ ಹೊಂದಿತು. ಇಬ್ಬರೂ ಸೇರಿ ಒಂದು ಶನಿವಾರ ಗೋಡೆಯ ಮೇಲೆ ಒಂದು ನಕ್ಷೆ ಹಾಕಿದರು. ಕೂಟಕ್ಕೊಂದು ಹೆಸರು, ಒಂದು ಗುರುತು, ಒಂದು ಬಣ್ಣ, ಹೊಸ ವೆಬ್‌ಸೈಟು.

"ನಮ್ಮನ್ನ ಯಾರೂ ಹುಡುಕ್ಕೊಂಡು ಬರ್ತಾ ಇಲ್ಲ," ಎಂದ ಮೈದುನ. "ಹೋದ ವರ್ಷ ಹೊಸಬರು ಅಂತ ಬಂದಿದ್ದು ಇಬ್ಬರು. ಅದರಲ್ಲಿ ಒಬ್ಬ ಡ್ರೈವಿಂಗ್ ಕಲಿಯೋಕೆ ಬಂದೋನು, ಮೆಟ್ಟಿಲು ತಪ್ಪಿ ಮೇಲೆ ಬಂದಿದ್ದ."

ಡಬ್ಬದ ಹುಡುಗಿ ನಕ್ಷೆಯಲ್ಲಿ ಚೌಕಗಳನ್ನು ತೋರಿಸುತ್ತ ಹೋದಳು. ಮುಖಪುಟ. ಮುಂದಿನ ಸಭೆ. ನಾವು ಯಾರು. ಸೇರುವುದು ಹೇಗೆ. ಫೋಟೋಗಳು. ಅತ್ತಿಗೆ ಚೌಕಗಳನ್ನು ಎಡದಿಂದ ಬಲಕ್ಕೆ ಎಣಿಸಿದರು, ಬಲದಿಂದ ಎಡಕ್ಕೆ ಎಣಿಸಿದರು. 'ಹೋದ ಸಲ ಏನಾಯಿತು' ಎಲ್ಲೂ ಇಲ್ಲ.

"ಹಳೇ ಪುಟ?" ಎಂದರು, ಉಗುರು ನೋಡಿಕೊಳ್ಳುತ್ತ.

"ಅದನ್ನ ಪೂರ್ತಿ ತೆಗೆದುಬಿಡ್ತೀವಿ, ಅತ್ತಿಗೆ," ಎಂದಳು ಹುಡುಗಿ. ಹೇಳಿ ಮೈದುನನ ಮುಖ ನೋಡಿದಳು. ಅವನು ತುಟಿ ಬಿಗಿಹಿಡಿದು ನಕ್ಕ. ಇಬ್ಬರೂ ಏನೋ ಗುಟ್ಟು ಇಟ್ಟುಕೊಂಡವರ ಹಾಗೆ ಕಾಣುತ್ತಿದ್ದರು.

ಅತ್ತಿಗೆಗೆ ಅರ್ಥವಾದದ್ದು ಇಷ್ಟೇ. ಹದಿನಾಲ್ಕು ವರ್ಷ ಬರೆದದ್ದು ಇವರ ಕಣ್ಣಿಗೆ ಕಸ, ಅದನ್ನು ಗುಡಿಸುವಾಗ ನಗು ಬೇರೆ. ಒಂದು ಮಾತು ಹೇಳಬಹುದಿತ್ತು. 'ನನ್ನ ವರದಿ ಇರಲಿ' ಎಂದರೆ ಮುಗಿದಿತ್ತು. ಆದರೆ ಕೇಳಿ ಉಳಿಸಿಕೊಳ್ಳಬೇಕಾದ್ದು ಉಳಿಯುವುದೇ ಬೇಡ ಎನ್ನುವ ಬಿಗುಮಾನ ಅವರದು. "ಒಳ್ಳೇದಾಯ್ತು, ನನಗೊಂದು ತಲೆನೋವು ಕಮ್ಮಿ" ಎಂದರು. ಮೈದುನನ ಮುಖ ಊರಗಲ ಅರಳಿತು. ಅದನ್ನು ಕಂಡು ಅತ್ತಿಗೆಯ ಹೊಟ್ಟೆ ಇನ್ನೂ ಉರಿಯಿತು.

ಮನೆಗೆ ಬಂದು ಯಜಮಾನರ ಮುಂದೆ ತಟ್ಟೆ ಕುಕ್ಕಿದರು.

"ಏನಾಯ್ತು?" ಎಂದರು ಅವರು.

"ಏನೂ ಇಲ್ಲ. ನಿಮ್ಮ ತಮ್ಮ ದೊಡ್ಡ ಮನುಷ್ಯ ಆಗಿದ್ದಾನೆ."

"ಹಾಗಾದ್ರೆ ನೀನು ಏನೋ ಮಾಡ್ತೀಯ," ಎಂದು ಯಜಮಾನರು ಊಟ ಮುಂದುವರಿಸಿದರು.

ಮಾಡಿದರು. ಅತ್ತಿಗೆ ಎದುರು ನಿಂತು ಜಗಳವಾಡುವವರಲ್ಲ. ಈ ಜನರ ನಾಡಿ ಅವರಿಗೆ ಗೊತ್ತು. ಪ್ರೋಗ್ರಾಮ್ ಬರೆಯುವವರಿಗೆ ದೊಡ್ಡ ಕೆಲಸ ಕೊಟ್ಟರೆ ಮುಗಿಸಿಬಿಡುತ್ತಾರೆ. ಚಿಕ್ಕ ಪ್ರಶ್ನೆ ಕೊಟ್ಟರೆ ಮಾತ್ರ ಮೇಲೇಳುವುದಿಲ್ಲ. ಮುಂದಿನ ಸಭೆಗೆ ಅವರು ಗೋದಾಮಿನಿಂದ ಒಂದು ಪೆಟ್ಟಿಗೆ ಹೊತ್ತು ತಂದರು. ಡಬ್ಬದ ಹುಡುಗಿ, "ಹಿನ್ನೆಲೆ ಬಿಳಿ ಇರುತ್ತೆ, ಅದರಲ್ಲಿ ಏನೂ ಚರ್ಚೆ ಇಲ್ಲ" ಎಂದು ಮುಂದಕ್ಕೆ ಹೋಗುವಷ್ಟರಲ್ಲಿ ಅತ್ತಿಗೆ ಕೈಯೆತ್ತಿದರು.

"ಯಾವ ಬಿಳಿ?"

"ಬಿಳಿ ಅಂದ್ರೆ... ಬಿಳಿ, ಅತ್ತಿಗೆ."

"ಹಾಗಂದ್ರೆ ಹೇಗಮ್ಮಾ? ಡಬ್ಬ ಮಾಡೋಳು ನೀನು, ನಿನಗೆ ಗೊತ್ತಿಲ್ದೇ ಇರುತ್ತಾ?" ಎಂದು ಪೆಟ್ಟಿಗೆ ಬಿಚ್ಚಿ, ಅಂಗೈಯಗಲದ ಹದಿನೇಳು ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಹಾಲಿನ ಬಿಳಿ, ಸುಣ್ಣದ ಬಿಳಿ, ಮೊಟ್ಟೆ ಬಿಳಿ, ಮುತ್ತಿನ ಬಿಳಿ, ಉಪ್ಪಿನ ಬಿಳಿ, ಬೂದಿ ಕಂಡೂ ಕಾಣದ ಬಿಳಿ. "ಸುಮ್ನೆ ಕೇಳಿದೆ. ನೀವೇ ನೋಡಿ ಹೇಳಿ."

ಹೇಳಿ ಹಿಂದಿನ ಕುರ್ಚಿಗೆ ಹೋಗಿ ಕುಳಿತರು. ಕಡ್ಡಿ ಗೀರಿ ಎಸೆದಾಗಿತ್ತು. ಆಸ್ಪತ್ರೆಯ ಚೀಟಿಯವರು ಸುಣ್ಣದ ಬಿಳಿ ಕಣ್ಣಿಗೆ ಚುಚ್ಚುತ್ತದೆ ಎಂದರು. ಪಂಡಿತ, ಅಂದರೆ ಶಾಲೆಯ ಹಾಜರಿಯವನು, ಯಾವ ಸಂಗತಿಗೂ ಮೂಲದಿಂದ ಹೊರಡುವ ಆಸಾಮಿ. ಬೆಳಕು ಅಂದರೇನು ಎಂಬಲ್ಲಿಂದ ಶುರುಮಾಡಿದ. ಬ್ಯಾಂಕ್ ಮಾಮ ಎರಡು ತುಂಡು ಹಿಡಿದು ಎರಡೂ ಒಂದೇ ಎಂದರು. ಅದಕ್ಕೆ ಐದು ಜನ ಅವರ ಮೇಲೆ ಬಿದ್ದರು. ಚಹಾ ತಣ್ಣಗಾಯಿತು. ಕೆಳಗೆ ಮೇಷ್ಟ್ರು ಬಾಗಿಲು ಹಾಕುವ ಹೊತ್ತಾದರೂ ಬಿಳಿ ತೀರ್ಮಾನವಾಗಲಿಲ್ಲ. ಮುಂದಿನ ತಿಂಗಳಿಗೂ ಅದೇ ಚರ್ಚೆ ಹೋಯಿತು. ಅತ್ತಿಗೆ ಆ ಎರಡು ಭಾನುವಾರ ಬರೆದ ವರದಿಗಳು ಬಹಳ ಸೊಗಸಾಗಿದ್ದವು.

ಆದರೆ ಡಬ್ಬದ ಹುಡುಗಿಯೂ ಕಡಿಮೆಯವಳಲ್ಲ. ಮೂರನೆಯ ಸಭೆಗೆ ಬಂದವಳೇ ಒಂದು ತುಂಡು ಎತ್ತಿ, "ಇದು. ಸಾಕು" ಎಂದು ಮಿಕ್ಕ ಹದಿನಾರನ್ನು ಪೆಟ್ಟಿಗೆಗೆ ಹಾಕಿ ಅತ್ತಿಗೆಯ ಮಡಿಲಲ್ಲಿಟ್ಟಳು. ಆಗ ಅತ್ತಿಗೆ ಎರಡನೆಯ ಹುಳಿ ಹಿಂಡಿದರು.

"ಬಣ್ಣ ಬಿಡಿ. ಹೆಸರು ಮಾತ್ರ ಓಟು ಹಾಕಿಯೇ ಆಗ್ಬೇಕು. ನಾಳೆ ಯಾರೂ ನನ್ನನ್ನ ಕೇಳ್ಲಿಲ್ಲ ಅನ್ಬಾರದು ನೋಡಿ."

ಎಷ್ಟು ನ್ಯಾಯವಾದ ಮಾತು! ಎಲ್ಲರೂ ತಲೆಯಾಡಿಸಿದರು. ಚೀಟಿ ಹರಿದು ಓಟು ಹಾಕಿದ್ದರೆ ಹತ್ತು ನಿಮಿಷದ ಕೆಲಸ. ಆದರೆ ಹದಿನೈದು ಜನ ಪ್ರೋಗ್ರಾಮ್ ಬರೆಯುವವರು ಚೀಟಿ ಹರಿಯುವುದುಂಟೇ? ಓಟು ಎಣಿಸುವ ಪ್ರೋಗ್ರಾಮ್ ಬರೆಯುವ ಕೆಲಸ ಪಂಡಿತನಿಗೆ ಬಿತ್ತು. ಒಂಬತ್ತು ಜನ ಒಂಬತ್ತು ಹೆಸರು ಕೊಟ್ಟರು. ಬೈಟ್ ಬಳಗ, ತಂತ್ರಾಂಶ ತರಂಗ, ಲೂಪಿಗರು, ಹೀಗೆ. ತಾನು ಸೂಚಿಸಿದ ಹೆಸರಿಗೆ ತಾನೇ ಓಟು ಹಾಕುವಂತಿಲ್ಲ ಎಂಬ ನಿಯಮವಾಯಿತು. ಅದನ್ನು ಸೂಚಿಸಿದ್ದು ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಕೂಟದಲ್ಲಿ ಇನ್ನೊಂದು ಹಳೆಯ ಪದ್ಧತಿಯಿದೆ. ಯಾರು ಏನೇ ಬರೆಯಲಿ, ಬೇರೆ ಇಬ್ಬರು ಅದನ್ನು ಓದಿ 'ನೋಡಿದ್ದೇನೆ, ಸರಿಯಿದೆ' ಎಂದು ಬರೆದ ಮೇಲೆಯೇ ಬಳಕೆಗೆ. ಪಂಡಿತನ ಪ್ರೋಗ್ರಾಮನ್ನು ಓದಬೇಕಾದವರು ಬ್ಯಾಂಕ್ ಮಾಮ ಮತ್ತು ಅತ್ತಿಗೆ. ಬ್ಯಾಂಕ್ ಮಾಮ ಎರಡು ನಿಮಿಷದಲ್ಲಿ ಸರಿಯಿದೆ ಎಂದರು. ಅವರು ಯಾವುದಕ್ಕೂ ಹಾಗೆಯೇ. ಅತ್ತಿಗೆ ಗೋದಾಮಿನ ಮಧ್ಯಾಹ್ನದ ಬಿಡುವಿನಲ್ಲಿ ಸಾಲು ಸಾಲಾಗಿ ಓದಿದರು. ಮೂವತ್ತೆಂಟನೆಯ ಸಾಲಿನಲ್ಲಿ ಬೆರಳು ನಿಂತಿತು.

ಸಂಗತಿ ಇಷ್ಟು. ನಾವು ನೀವು ಒಂದು, ಎರಡು, ಮೂರು ಎಂದು ಎಣಿಸಿದರೆ ಕಂಪ್ಯೂಟರು ಸೊನ್ನೆ, ಒಂದು, ಎರಡು ಎಂದು ಎಣಿಸುತ್ತದೆ. ಪಟ್ಟಿಯ ಮೊದಲನೆಯ ಹೆಸರಿನ ನಂಬರು ಸೊನ್ನೆ. ಪಂಡಿತ ಪ್ರೋಗ್ರಾಮ್ ಓಡುತ್ತದೋ ಇಲ್ಲವೋ ಎಂದು ನೋಡಲು ಮೊದಲು ಒಂದು ಸುಳ್ಳು ಹೆಸರು ಹಾಕಿದ್ದ. ಕೋಣೆಯಲ್ಲಿ ಕೂತು ಬರೆಯುವಾಗ ಎದುರಿಗೆ ಬಾಗಿಲು ಕಂಡಿರಬೇಕು, 'ಜೋರಾಗಿ ತಳ್ಳಿ' ಎಂದೇ ಹಾಕಿದ್ದ. ಆಮೇಲೆ ಅದನ್ನು ಓಟು ಹಾಕುವವರಿಗೆ ಕಾಣದಂತೆ ಮರೆಮಾಡಿದ, ಆದರೆ ತೆಗೆಯಲು ಮರೆತ. ಅದು ಸೊನ್ನೆಯ ಜಾಗದಲ್ಲಿ ಕಲ್ಲಿನ ಹಾಗೆ ಕೂತಿತ್ತು. ಇನ್ನೊಂದು ಕಡೆ, ಯಾವ ಹೆಸರನ್ನೂ ಆರಿಸದೆ ಖಾಲಿ ಕಳಿಸಿದವರ ಓಟಿಗೂ ಅವನು ಕೊಟ್ಟಿದ್ದ ನಂಬರು ಸೊನ್ನೆ. ಅಂದರೆ ಖಾಲಿ ಓಟೆಲ್ಲ ಬಾಗಿಲ ಬರಹಕ್ಕೆ ಬೀಳುತ್ತದೆ.

ಅತ್ತಿಗೆ ಎದ್ದು ನೀರು ಕುಡಿದು ಬಂದರು. ತನ್ನ ಹೆಸರಿಗೆ ಓಟು ಹಾಕುವಂತಿಲ್ಲ, ಇನ್ನೊಬ್ಬನ ಹೆಸರಿಗೆ ಓಟು ಹಾಕಲು ಮನಸ್ಸು ಒಪ್ಪುವುದಿಲ್ಲ, ಅಂಥವರು ಒಂಬತ್ತು ಜನ. ಅವರೆಲ್ಲ ಖಾಲಿ ಕಳಿಸುವುದು ನೂರಕ್ಕೆ ನೂರು ಖಂಡಿತ. ಹೆಸರೆಂದು ಬಾಗಿಲ ಬರಹ ಬಂದು ಕೂತರೆ ಕೂಟ ಹೊತ್ತಿ ಉರಿಯುತ್ತದೆ. ಜಗಳ ಮುಗಿಯಲು ವರ್ಷ ಬೇಕು. ಅಷ್ಟರಲ್ಲಿ ವೆಬ್‌ಸೈಟು ಗೋವಿಂದ, ಬೂದು ಪುಟ ನಿಶ್ಚಿಂತೆಯಿಂದ ಇರುತ್ತದೆ. ಇಪ್ಪತ್ತಾರು ವರ್ಷದಲ್ಲಿ ಕಣ್ಣಿಗೆ ಬಿದ್ದ ತಪ್ಪನ್ನು ಅತ್ತಿಗೆ ಒಮ್ಮೆಯೂ ಬಿಟ್ಟವರಲ್ಲ. ಆದರೂ 'ನೋಡಿದ್ದೇನೆ, ಸರಿಯಿದೆ' ಎಂದು ಬರೆದು ಕಳಿಸಿದರು.

ಓಟಿನ ದಿನ ಪಂಡಿತ ಗಂಟಲು ಸರಿಮಾಡಿಕೊಂಡು ಗುಂಡಿ ಒತ್ತಿದ. ಗೋಡೆಯ ಮೇಲೆ, ರಸ್ತೆ ಚಿಹ್ನೆಗಳ ಪಕ್ಕದಲ್ಲಿ, ಫಲಿತಾಂಶ ಮೂಡಿತು. ಬೈಟ್ ಬಳಗ ಎರಡು. ಲೂಪಿಗರು ಎರಡು. ತಂತ್ರಾಂಶ ತರಂಗ ಒಂದು. ಇನ್ಯಾವುದಕ್ಕೋ ಒಂದು. ಎಲ್ಲದರ ಮೇಲೆ: ಜೋರಾಗಿ ತಳ್ಳಿ, ಒಂಬತ್ತು.

ಪಂಡಿತ ಇಂಗು ತಿಂದ ಮಂಗನಂತಾದ. ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ತುಟಿ ಮುಚ್ಚಿಕೊಂಡು, ಈಗ ಶುರುವಾಗುತ್ತದೆ ನೋಡು ಎಂದು ಕಾದರು. ಶುರುವಾದದ್ದು ನಗು. ಬ್ಯಾಂಕ್ ಮಾಮನಿಂದ ಹೊರಟು ಆಸ್ಪತ್ರೆಯ ಚೀಟಿಯವರನ್ನು ಹಿಡಿದು ಕೋಣೆಯನ್ನೆಲ್ಲ ಸುತ್ತಿತು. ಸೊನ್ನೆಯ ಎಡವಟ್ಟು ಏನೆಂದು ಪಂಡಿತ ಬಿಡಿಸಿ ಹೇಳಿದ ಮೇಲಂತೂ ಕೆಲವರು ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಒರಗಿದರು.

"ಇದೇ ಇರಲಿ!" ಎಂದಳು ಡಬ್ಬದ ಹುಡುಗಿ. ಅವಳ ಕಣ್ಣು ಮಿಂಚುತ್ತಿತ್ತು. "ನಾವು ಇಲ್ಲಿ ಮಾಡೋದೇ ಅದಲ್ವಾ? ಸಿಕ್ಕಿಹಾಕ್ಕೊಂಡಿರೋದನ್ನ ಎಲ್ಲಾ ಸೇರಿ ತಳ್ಳೋದು. ಇದಕ್ಕಿಂತ ಒಳ್ಳೆ ಹೆಸರು ದುಡ್ಡು ಕೊಟ್ರೂ ಸಿಗಲ್ಲ."

"ಹೌದು ಮತ್ತೆ! ಸೊನ್ನೆಯಿಂದ ಹುಟ್ಟಿದ ಹೆಸರು, ನಮಗೆ ಇನ್ನೇನು ಬೇಕು?" ಎಂದರು ಬ್ಯಾಂಕ್ ಮಾಮ.

ಅತ್ತಿಗೆಯ ಬೇಳೆ ಬೇಯಲಿಲ್ಲ. ಮೂರು ತಿಂಗಳು ನಿಂತುಹೋಗಿದ್ದ ಕೆಲಸ ಅಲ್ಲಿಂದ ಓಡತೊಡಗಿತು. ಒಂದು ವಾರದಲ್ಲಿ ಗುರುತು ತಯಾರಾಯಿತು: ಬಾಗಿಲ ಮೇಲೊಂದು ಅಂಗೈ, ಅಷ್ಟೇ. ಕೆಂಪು ಬಣ್ಣ, ಆ ಒಂದು ಬಿಳಿ. ಮೈದುನ ರಜೆ ಹಾಕಿ ಕೂತು ಪುಟಗಳನ್ನು ಬರೆದ. ಮಾಡಬೇಕಾದ ಕೆಲಸಗಳಿಗೆ ಅವನೂ ಡಬ್ಬದ ಹುಡುಗಿಯೂ ಒಂದು ದೂರು ಪಟ್ಟಿ ಮಾಡಿದ್ದರು. ಒಂದೊಂದು ಕೆಲಸವನ್ನೂ ಒಬ್ಬರ ದೂರಾಗಿ ನಂಬರು ಹಾಕಿ ಬರೆಯುವುದು, ಕೆಲಸವಾದ ಮೇಲೆ ದೂರಿದವರೇ ಬಂದು ಅದನ್ನು ಮುಚ್ಚುವುದು. ಬೇರೆಯವರು ಮುಚ್ಚುವಂತಿಲ್ಲ. ಎಲ್ಲರೂ ದಿನಕ್ಕೆರಡು ಸಲ ಆ ಪಟ್ಟಿ ತೆರೆದು ನೋಡುತ್ತಿದ್ದರು. ಅತ್ತಿಗೆ ಒಬ್ಬರೇ ಅದನ್ನು ಕಣ್ಣೆತ್ತಿ ನೋಡಲಿಲ್ಲ. "ನಿಮ್ಮ ಪಟ್ಟಿ ನಿಮಗೇ ಇರಲಿ" ಎಂದುಬಿಟ್ಟಿದ್ದರು.

ಹೊಸ ವೆಬ್‌ಸೈಟು ತೆರೆಯುವ ಶನಿವಾರ ಬಂತು. ಹೋಗುವುದೇ ಬೇಡ ಎಂದುಕೊಂಡಿದ್ದ ಅತ್ತಿಗೆ ನಾಲ್ಕಕ್ಕೆ ಐದು ನಿಮಿಷ ಇರುವಾಗ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕೋಣೆಯಲ್ಲಿ ಹದಿನಾಲ್ಕೂ ಜನ ಆಗಲೇ ಇದ್ದರು. ಯಾರೋ ಒಳ್ಳೆಯ ಬಿಸ್ಕತ್ತು ತಂದಿದ್ದರು. ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಖಾಲಿ ಬಿಟ್ಟು, "ಅತ್ತಿಗೆ, ಇಲ್ಲಿ, ಇಲ್ಲಿ" ಎಂದು ಕೂಗಿದರು. ಎಲ್ಲರ ಮುಖದಲ್ಲೂ ಏನೋ ಕಳ್ಳ ಕಳೆ. ಅತ್ತಿಗೆಯ ಹುಬ್ಬು ಗಂಟಿಕ್ಕಿತು.

ಮೈದುನ ಎದ್ದು ನಿಂತ. "ನಲವತ್ತಾರು ದೂರಿನಲ್ಲಿ ನಲವತ್ತೈದು ಮುಚ್ಚಿದೆ. ಒಂದು ಬಾಕಿ. ಅದು ಮುಚ್ಚಿದ ತಕ್ಷಣ ಹಳೇ ಪುಟ ಹೋಗಿ ಹೊಸದು ತಾನಾಗೇ ತೆರ್ಕೊಳ್ಳುತ್ತೆ. ಅದನ್ನ ಮುಚ್ಚಬೇಕಾದವರು ನಮ್ಮ ಅತ್ತಿಗೆ."

"ನಾನು ಯಾವ ದೂರೂ ಕೊಟ್ಟಿಲ್ಲ," ಎಂದರು ಅತ್ತಿಗೆ.

"ಕೊಟ್ಟಿದ್ದೀರ," ಎಂದು ಅವನು ಗುಂಡಿ ಒತ್ತಿದ.

ಗೋಡೆಯ ಮೇಲೆ ಬಂತು. ದೂರು ನಂಬರು ಏಳು. ದೂರಿದವರು: ಅತ್ತಿಗೆ. ವಿಷಯ: ಪ್ರತಿ ತಿಂಗಳು ವರದಿ ಬರೆಯುವ ಕಾಟ. ಮಾಡಬೇಕಾದ್ದು: ಅತ್ತಿಗೆಯನ್ನು ಈ ಕಾಟದಿಂದ ಶಾಶ್ವತವಾಗಿ ಬಿಡಿಸುವುದು, ಹಳೆಯ ವರದಿಗಳನ್ನು ಅವರ ಕಣ್ಣಿಗೆ ಬೀಳದಂತೆ ತೆಗೆದಿಡುವುದು. ಅದರ ಕೆಳಗೆ ಪುರಾವೆ. 'ಹಾಳಾದ್ದು, ನಾಳೆ ಮತ್ತೆ ಕೂತು ಬರೀಬೇಕಲ್ಲಪ್ಪಾ', ಮೆಟ್ಟಿಲ ಮೇಲೆ. 'ನನ್ನ ಭಾನುವಾರ ಎಲ್ಲಾ ಮಣ್ಣುಪಾಲು', ಬಾಗಿಲ ಹತ್ತಿರ. 'ಯಾವ ಜನ್ಮದ ಸಾಲವೋ', ಚಹಾ ಹೊತ್ತಿಗೆ. 'ಒಳ್ಳೇದಾಯ್ತು, ನನಗೊಂದು ತಲೆನೋವು ಕಮ್ಮಿ', ನಕ್ಷೆ ತೋರಿಸಿದ ದಿನ. ಒಂದೊಂದಕ್ಕೂ ತಾರೀಖು. ಒಟ್ಟು ನಲವತ್ತೊಂದು.

"ಈ ಇಡೀ ಯೋಜನೆ ಹುಟ್ಟಿದ್ದೇ ಇದರಿಂದ, ಅತ್ತಿಗೆ," ಎಂದಳು ಡಬ್ಬದ ಹುಡುಗಿ. "ನಿಮ್ಮ ಮೈದುನ ಮೊದಲ ದಿನವೇ ನನಗೆ ಹೇಳಿದ್ರು, ಏನಾದ್ರೂ ಮಾಡಿ ನಮ್ಮತ್ತಿಗೆಗೆ ಬಿಡುಗಡೆ ಕೊಡಿಸ್ಬೇಕು, ಆದ್ರೆ ಕೊನೆವರೆಗೂ ಹೇಳಬಾರದು ಅಂತ."

ಹದಿನಾಲ್ಕು ಮುಖಗಳು ಅತ್ತಿಗೆಯ ಕಡೆ ತಿರುಗಿ ಬೆಳಗುತ್ತಿದ್ದವು. ಯಾರೋ ಚಪ್ಪಾಳೆ ತಟ್ಟಲು ಕೈ ಎತ್ತಿಯೂ ಆಗಿತ್ತು. ಇಂಥ ಕೆಲಸ ಪ್ರಪಂಚದಲ್ಲಿ ಬೇರೆ ಯಾರೂ ಮಾಡಲಾರರು. ಮನೆಯ ಹೆಂಗಸು ಗೊಣಗಿದರೆ ಬೇರೆಯವರು ಹೂಂ ಎಂದು ಸುಮ್ಮನಾಗುತ್ತಾರೆ. ಇವರು ಗೊಣಗಿದ್ದನ್ನು ತಾರೀಖು ಸಮೇತ ಬರೆದು, ನಂಬರು ಹಾಕಿ, ದುರಸ್ತಿ ಮಾಡಿ ಮುಂದೆ ತಂದಿಟ್ಟಿದ್ದರು.

ಅತ್ತಿಗೆಗೆ ಮೊದಲು ಬಂದದ್ದು ಸಿಟ್ಟು.

"ನಲವತ್ತೊಂದು ಸಲ ಎಣಿಸಿದೀರಲ್ಲೋ! ಒಂದೇ ಒಂದು ಸಲ ಬಾಯಿಬಿಟ್ಟು ಕೇಳೋಕೆ ಏನಾಗಿತ್ತು ನಿಮಗೆ?"

ಚಪ್ಪಾಳೆಗೆ ಎತ್ತಿದ ಕೈ ಕೆಳಗಿಳಿಯಿತು.

"ಕೇಳಿದ್ರೆ ನೀವು ಏನು ಹೇಳ್ತಿದ್ರಿ, ಅತ್ತಿಗೆ?" ಎಂದ ಮೈದುನ. ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

ಏನು ಹೇಳುತ್ತಿದ್ದರೆಂದು ಅತ್ತಿಗೆಗೆ ಚೆನ್ನಾಗಿ ಗೊತ್ತಿತ್ತು. ತಲೆನೋವು ಹೋಯಿತು ಎನ್ನುತ್ತಿದ್ದರು. ಹೇಳಿ, ಮನೆಗೆ ಹೋಗಿ, ತಟ್ಟೆ ಕುಕ್ಕುತ್ತಿದ್ದರು. ಕಣ್ಣು ತುಂಬಿತು. ಈ ಜನದ ಮುಂದೆ ಅತ್ತದ್ದು ಅದೇ ಮೊದಲು, ಮತ್ತು ಅದಕ್ಕೂ ಸಿಟ್ಟು ಬಂತು.

"ಆ ಸೊನ್ನೆ ತಪ್ಪು ನಾನು ನೋಡಿದ್ದೆ," ಎಂದರು.

"ಯಾವ ಸೊನ್ನೆ?" ಎಂದ ಪಂಡಿತ.

"ನಿನ್ನದೇ ಕಣೋ, ಮೂವತ್ತೆಂಟನೇ ಸಾಲು. ನೋಡಿ, ಗೊತ್ತಿದ್ದೂ ಸರಿಯಿದೆ ಅಂತ ಬರೆದೆ. ನಿಮ್ಮ ಓಟು ಮೂರಾಬಟ್ಟೆ ಆಗ್ಲಿ ಅಂತ ಬರೆದೆ. ಬಿಳಿ ತುಂಡು ತಂದಿದ್ದೂ ಅದಕ್ಕೇ. ನಿಮ್ಮ ವೆಬ್‌ಸೈಟು ನೆಗೆದು ಬೀಳ್ಲಿ ಅಂತಾನೇ ತಂದಿದ್ದು. ನನ್ನ ವರದಿ ಕಸದ ಬುಟ್ಟಿಗೆ ಹಾಕ್ತಾ ಇದೀರಿ ಅಂತ ನನಗೆ ಹೊಟ್ಟೆ ಉರೀತಾ ಇತ್ತು."

ತಪ್ಪು ಕಂಡೂ ಸರಿಯಿದೆ ಎಂದು ಬರೆಯುವುದು ಆ ಕೋಣೆಯಲ್ಲಿ ಕೇಳರಿಯದ ಮಾತು. ಬ್ಯಾಂಕ್ ಮಾಮ ಮಾತ್ರ, "ಅಂದ್ರೆ ನೀವು ನಿಜವಾಗ್ಲೂ ಓದ್ತೀರಾ!" ಎಂದರು. ಅದಕ್ಕೆ ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಮೈದುನ ಮೇಜಿನ ಮೇಲಿದ್ದ ಲ್ಯಾಪ್‌ಟಾಪನ್ನು ಮೆಲ್ಲಗೆ ಅತ್ತಿಗೆಯ ಕಡೆ ತಿರುಗಿಸಿ ಮುಂದಕ್ಕೆ ಸರಿಸಿದ. "ದೂರು ನಿಮ್ಮದು, ಅತ್ತಿಗೆ. ನೀವೇ ಮುಚ್ಚಬೇಕು. ಏನಂತ ಮುಚ್ತೀರೋ ಹಾಗೆ ಮಾಡ್ತೀವಿ."

ಮುಚ್ಚುವಾಗ ಕಾರಣ ಆರಿಸಬೇಕು. ಸರಿಪಡಿಸಲಾಗಿದೆ. ಮತ್ತೆ ಕಾಣಿಸಲಿಲ್ಲ. ಮೊದಲೇ ಬಂದಿದ್ದ ದೂರು. ಕೊನೆಯದು, ದೂರೇ ತಪ್ಪು. ಅತ್ತಿಗೆ ಕೊನೆಯದರ ಮೇಲೆ ಒತ್ತಿದರು. ವಿವರ ಬರೆಯಿರಿ ಎಂದು ಅದು ಒಂದು ಖಾಲಿ ಜಾಗ ತೋರಿಸಿತು. ನೂರ ಅರವತ್ತೊಂದು ವರದಿ ಬರೆದ ಬೆರಳುಗಳು ಆ ಅಂಗೈಯಗಲದ ಜಾಗದಲ್ಲಿ ಬಹಳ ಹೊತ್ತು ತಡವರಿಸಿದವು. ಬರೆಯುತ್ತ ಹೋದ ಹಾಗೆ ಅಕ್ಷರಗಳು ಹಿಂದಿನ ಗೋಡೆಯ ಮೇಲೂ ದೊಡ್ಡದಾಗಿ ಮೂಡುತ್ತವೆಂಬುದು ಅವರಿಗೆ ಗೊತ್ತಿತ್ತು.

'ದೂರಿದವಳು ಸುಳ್ಳು ಹೇಳುತ್ತಿದ್ದಳು. ವರದಿ ಬರೆಯುವುದೆಂದರೆ ಅವಳಿಗೆ ಇಷ್ಟ. ನಿಮ್ಮ ಬಗ್ಗೆ ಬರೆಯುವುದೆಂದರೆ ತುಂಬ ಇಷ್ಟ. ಹೇಳಲು ನಾಚಿಕೆಯಾಗುತ್ತಿತ್ತು.'

ಅಳಿಸುವ ಗುಂಡಿಯ ಕಡೆಗೆ ಬೆರಳು ಒಮ್ಮೆ ಹೋಯಿತು. ಅತ್ತಿಗೆ ಅದನ್ನು ಹಿಂದಕ್ಕೆ ತೆಗೆದುಕೊಂಡು, ಕಣ್ಣು ಒರೆಸಿಕೊಳ್ಳದೆಯೇ, ಕಳಿಸು ಎಂಬಲ್ಲಿ ಒತ್ತಿದರು.